ಪಟ್ಟಣದ ಕೆರೆ ಯಾರ ಪಾಲಿಗೆ?

ಹಾಸನದ ಹುಣಸಿನಕೆರೆಯ ಏರಿಯ ಮೇಲೆ ಮಾಗಿಯ ಬೆಳಗಿನಲ್ಲಿ ನಿಂತವರಿಗೆ ಎರಡು ಬಗೆಯ ಸದ್ದು ಒಟ್ಟಿಗೇ ಕಿವಿಗೆ ಬೀಳುತ್ತದೆ. ಒಂದು, ನೀರಿನ ನಡುವೆ ಗುಂಪುಗೂಡಿದ ನಾಮಗೋಳಿಗಳ ಕಚಪಚ, ಅವುಗಳ ಮಗ್ಗುಲಲ್ಲಿ ಮುಳುಗಿ ಏಳುವ ಗುಳುಮುಳುಕಗಳ ಸಿಳ್ಳಿನಂಥ ನಗೆ. ಇನ್ನೊಂದು, ಬೆನ್ನ ಹಿಂದಿನ ಬಡಾವಣೆಯಿಂದ ಬರುವ ವಾಹನಗಳ ಹಾರನ್ನು, ಹಾಲಿನ ಗಾಡಿಯ ಗಂಟೆ, ನಡಿಗೆಗೆಂದು ಬಂದವರ ರಾಜಕೀಯ ಚರ್ಚೆ. ಒಂದು ನಗರ ಮತ್ತು ಒಂದು ಕೆರೆ ಪರಸ್ಪರ ಸಹಿಸಿಕೊಂಡು ಬದುಕುತ್ತಿರುವ ಈ ನೋಟ ನಮ್ಮ ಜಿಲ್ಲೆಯಲ್ಲಿ ದಿನೇ ದಿನೇ ಅಪರೂಪವಾಗುತ್ತಿದೆ. ಆದುದರಿಂದಲೇ ಈ ಸಂಚಿಕೆಯ ಸಂಪಾದಕೀಯವನ್ನು ಬೆಟ್ಟದ ಮೇಲಿನ ಶೋಲಾ ಕಾಡಿನಿಂದಲ್ಲ, ಬಯಲಿನ ಪಟ್ಟಣಗಳ ನಡುವೆ ಉಳಿದಿರುವ ಕೆರೆಗಳಿಂದ ಆರಂಭಿಸುತ್ತಿದ್ದೇವೆ.

ಘಟ್ಟದಂಚಿನ ಹಳ್ಳಿಯಲ್ಲಿ ಕುಳಿತು ಈ ಪುಟ ಓದುವವರು ಕೇಳಬಹುದು: ಪಟ್ಟಣದವರ ಕೆರೆಯ ಚಿಂತೆ ನಮಗೇಕೆ? ನಮ್ಮ ಕಾಡಿಗೇ ನೂರು ಕಂಟಕಗಳಿರುವಾಗ ಹಾಸನದವರ ವಾಯುವಿಹಾರದ ಮಾತು ನಮಗೆ ಬೇಕೆ? ಬೇಕು. ನಮ್ಮ ಬೆಟ್ಟಗಳಲ್ಲಿ ಬಿದ್ದ ಮಳೆಯೇ ಹೇಮಾವತಿಯಾಗಿ, ಯಗಚಿಯಾಗಿ ಕೆಳಗಿಳಿದು ಗೊರೂರಿನ ಬಳಿ ಒಂದಾಗಿ, 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಅಲ್ಲಿಂದ ಹಾಸನದ ನಲ್ಲಿಗೂ, ಚನ್ನರಾಯಪಟ್ಟಣದ ಕಾಲುವೆಗೂ, ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರಿನ ಸೀಮೆಗೂ ಹರಿಯುತ್ತದೆ. ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಚನ್ನರಾಯಪಟ್ಟಣ ತಲಪುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಆ ಬಯಲು ಸೀಮೆಯ ಊರುಗಳು ತಮ್ಮ ಪಾಲಿನ ಮಳೆಯನ್ನು ಹಿಡಿದಿಟ್ಟುಕೊಳ್ಳಲು ಕಟ್ಟಿಕೊಂಡಿದ್ದ ಕೆರೆಗಳನ್ನು ಕಳೆದುಕೊಂಡಷ್ಟೂ ಬೆಟ್ಟದ ಹೊಳೆಗಳ ಮೇಲೆ ಅವರ ಕಣ್ಣು ಬೀಳುವುದು ಹೆಚ್ಚುತ್ತದೆ. ಪ್ರತಿ ಹೊಸ ತಿರುವು ಯೋಜನೆಯ ಹಿಂದೆ ಎಲ್ಲೋ ಒಂದಿಷ್ಟು ಹೂಳು ತುಂಬಿದ ಕೆರೆಗಳಿವೆ ಎಂಬುದನ್ನು ನಾವು ಮರೆಯಬಾರದು.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಶನಿವಾರ ಭಾನುವಾರ ಬಂತೆಂದರೆ ಮಂಜರಾಬಾದ್ ಕೋಟೆಯ ಕೆಳಗೆ, ಬಿಸಿಲೆಯ ತಿರುವುಗಳಲ್ಲಿ ವಾಹನಗಳ ಸಾಲು ಎಷ್ಟು ಉದ್ದಕ್ಕೆ ನಿಲ್ಲುತ್ತದೆಂಬುದನ್ನು ಓದುಗರು ಬಲ್ಲರು. ಗೊರೂರಿನ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಲು ಹೋದವರು ಅಲ್ಲಿನ ಮರಳಿನಲ್ಲಿ ಬರಿಗಾಲಿನಲ್ಲಿ ನಡೆಯುವ ಧೈರ್ಯ ಮಾಡುವುದಿಲ್ಲ. ಒಡೆದ ಸೀಸೆಯ ಚೂರು ಎಲ್ಲಿ ಕಾದಿದೆಯೋ ತಿಳಿಯದು. ಬರುವವರೆಲ್ಲ ಕೇಡಿಗರೇನೂ ಅಲ್ಲ. ತಮ್ಮ ಊರಿನಲ್ಲಿ ಮರದ ಕೆಳಗೆ ಕುಳಿತು ನೀರು ನೋಡುವ ಜಾಗ ಸಿಕ್ಕದವರು ಅದನ್ನು ಹುಡುಕಿಕೊಂಡು ಬರುತ್ತಾರೆ. ನಡೆದು ಹೋಗುವಷ್ಟು ದೂರದಲ್ಲೇ ಹಕ್ಕಿ, ನೀರು, ನೆರಳು ಇರುವ ಪಟ್ಟಣ ತನ್ನ ಬೇಸರವನ್ನು ಬೆಟ್ಟದ ಮೇಲೆ ಸುರಿಯುವುದು ಕಡಿಮೆ. ಹಾಗಾಗಿ ಪಟ್ಟಣದ ಕೆರೆಯಂಗಳದಲ್ಲಿ ವಿಹಾರಕ್ಕೆ ಎಡೆಯಿರಬೇಕೆಂಬ ಬೇಡಿಕೆಯನ್ನು ನಾವು ವಿರೋಧಿಸುವವರಲ್ಲ. ಎಂಥ ವಿಹಾರ, ಯಾರ ಲೆಕ್ಕದಲ್ಲಿ ಎಂಬುದಷ್ಟೇ ಪ್ರಶ್ನೆ.

ಹಾಸನ ಈ ಪ್ರಶ್ನೆಗೆ ಕೊಟ್ಟ ಹಳೆಯ ಉತ್ತರ ಹೊಸ ಬಸ್ ನಿಲ್ದಾಣದ ರೂಪದಲ್ಲಿ ನಿಂತಿದೆ. ಚನ್ನಪಟ್ಟಣ ಕೆರೆಯ ಅಂಗಳದ ಮೇಲೆ ಬಸ್ಸುಗಳು ತಿರುಗುತ್ತಿವೆ. ಬೆಂಗಳೂರನ್ನು ಅನುಕರಿಸುವುದರಲ್ಲಿ ನಮ್ಮ ಪಟ್ಟಣಗಳು ಹಿಂದೆ ಬಿದ್ದವೆಂದು ಯಾರೂ ದೂರುವಂತಿಲ್ಲ: ಅಲ್ಲಿಯೂ ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಯೆಂದರೆ ಖಾಲಿ ಜಾಗ, ಖಾಲಿ ಜಾಗವೆಂದರೆ ಸರ್ಕಾರಿ ಕಟ್ಟಡದ ನಿವೇಶನ ಎಂಬ ಎಣಿಕೆ ಒಂದು ತಲೆಮಾರಿನ ಅಧಿಕಾರಿಗಳಲ್ಲಿ ಬೇರೂರಿತ್ತು. ಚನ್ನಪಟ್ಟಣ ಕೆರೆಯ ಉಳಿದ ಭಾಗವನ್ನು ವಿಹಾರಧಾಮವಾಗಿ ಮಾಡುವ ಮಾತು ಕೆಲವು ವರ್ಷಗಳ ಹಿಂದೆ ಬಲವಾಗಿ ಕೇಳಿಬಂದು, ಅದರ ಮೇಲೆ ರಾಜಕೀಯ ಜಗಳವೂ ನಡೆದದ್ದನ್ನು ಹಾಸನದವರು ಬಲ್ಲರು. ಆ ಜಗಳದಲ್ಲಿ ಎಷ್ಟು ಹಣ, ಯಾರ ಅವಧಿ ಎಂಬ ಮಾತು ಬಂದಷ್ಟು ನೀರು ಎಲ್ಲಿಂದ ಬರಬೇಕು ಎಂಬ ಮಾತು ಬರಲಿಲ್ಲ. ಈಗ ಹಾಸನ ಮಹಾನಗರ ಪಾಲಿಕೆಯ ಪಟ್ಟಕ್ಕೇರಿದೆ. ಸುತ್ತಲಿನ ಹಳ್ಳಿಗಳು ನಗರದ ಸೀಮೆಯೊಳಗೆ ಬರುವಾಗ ಆ ಹಳ್ಳಿಗಳ ಕಟ್ಟೆ ಕೆರೆಗಳೂ ಬರುತ್ತವೆ. ಅವಕ್ಕೂ ಇದೇ ಗತಿಯೋ, ಬೇರೆ ಗತಿಯೋ ಎಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ತೀರ್ಮಾನವಾಗಲಿದೆ.

ಹಾಸನದಲ್ಲಿ ಬೇರೆ ಬಗೆಯ ಉತ್ತರವೂ ಹುಟ್ಟಿದೆ ಎಂಬುದನ್ನು ಸಂತೋಷದಿಂದ ದಾಖಲಿಸಬೇಕು. 2017ರಲ್ಲಿ, ಸತತ ಬರದಿಂದ ಜಿಲ್ಲೆಯ ಕೆರೆಗಳು ಬಿರುಕು ಬಿಟ್ಟಿದ್ದಾಗ, ಹಸಿರು ಭೂಮಿ ಪ್ರತಿಷ್ಠಾನದ ಹೆಸರಿನಲ್ಲಿ ಒಟ್ಟುಗೂಡಿದ ಲೇಖಕರು, ಅಧ್ಯಾಪಕರು, ವಿದ್ಯಾರ್ಥಿಗಳು, ನೌಕರರು ಶ್ರಮದಾನದಿಂದ ಕಟ್ಟೆ, ಕಲ್ಯಾಣಿ, ಕೆರೆಗಳ ಹೂಳೆತ್ತಲು ಕೈಹಾಕಿದರು. ಸರ್ಕಾರದ ಟೆಂಡರಿಗೆ ಕಾಯದೆ ಹಾರೆ ಗುದ್ದಲಿ ಹಿಡಿದವರ ಕೆಲಸದ ಫಲಕ್ಕಿಂತಲೂ ಆ ಕೆಲಸದಿಂದ ಹುಟ್ಟಿದ ಪರಿಚಯ ದೊಡ್ಡದು. ಒಂದು ಕಲ್ಯಾಣಿಯ ಮೆಟ್ಟಿಲ ಮೇಲಿನ ಮಣ್ಣು ತೆಗೆದವನು ಮುಂದೆ ಅದರೊಳಗೆ ಕಸ ಹಾಕುವವನ ಕೈ ಹಿಡಿಯುತ್ತಾನೆ. ಯಂತ್ರ ತಂದು ಒಂದೇ ವಾರದಲ್ಲಿ ತೋಡಿ ಹೋದ ಕೆರೆಗೆ ಇಂಥ ಕಾವಲುಗಾರ ಸಿಕ್ಕುವುದಿಲ್ಲ.

ಇಷ್ಟು ಹೇಳಿದ ಮೇಲೆ, ಹೂಳೆತ್ತುವುದೇ ಪುನಶ್ಚೇತನವೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ನಮ್ಮ ಸೀಮೆಯ ಕೆರೆಯ ರಚನೆಯನ್ನು ನೆನಪಿಸಿಕೊಳ್ಳಿ. ತಗ್ಗಿನ ಕಡೆ ಮಾತ್ರ ಏರಿ. ಏರಿಯ ಬುಡದಲ್ಲಿ ತೂಬು. ಒಂದು ಮಗ್ಗುಲಿಗೆ ಕೋಡಿ. ಮೇಲಿನ ಕಡೆಗೆ ಏರಿಯಿಲ್ಲ, ಅಂಗಳ ಸಣ್ಣಗೆ ಏರುತ್ತಾ ಹೋಗಿ ಹೊಲಗಳಲ್ಲಿ ಕರಗುತ್ತದೆ. ಮಳೆಗಾಲದಲ್ಲಿ ನೀರು ಆ ಇಳಿಜಾರಿನುದ್ದಕ್ಕೂ ಹರಡಿ ಬರುತ್ತದೆ. ಬೇಸಿಗೆಯಲ್ಲಿ ಹಿಂದೆ ಸರಿಯುತ್ತಾ ಹಸಿ ಅಂಗಳವನ್ನು ದಿನಕ್ಕೊಂದು ಗೇಣಿನಂತೆ ಬಿಟ್ಟುಕೊಡುತ್ತದೆ. ಹಕ್ಕಿಗಳ ಊಟದೆಲೆ ಇರುವುದು ಆ ಒಂದು ಗೇಣಿನಲ್ಲೇ. ಉಲ್ಲಂಕಿಗೆ ಪಾದ ಮುಳುಗುವಷ್ಟು ನೀರು ಸಾಕು, ಕೊಳದಬಕಕ್ಕೆ ಮೊಳಕಾಲಷ್ಟು, ಬಣ್ಣದ ಕೊಕ್ಕರೆಗೆ ಇನ್ನಷ್ಟು. ಬಾತುಗಳು ಬಾಲ ಮೇಲೆ ಮಾಡಿ ತಳದ ಕೆಸರನ್ನು ತಡಕುವುದು ಕತ್ತು ಮುಟ್ಟುವಷ್ಟು ಆಳದಲ್ಲಿ. ದೇವನಹಕ್ಕಿ ತಾವರೆ ಎಲೆಯ ಮೇಲೆ ನಡೆಯುತ್ತದೆ, ಜಂಬುಕೋಳಿ ಜೊಂಡಿನೊಳಗೆ ಗೂಡು ಕಟ್ಟುತ್ತದೆ. ಆಳದ ನೀರನ್ನು ಬಯಸುವುದು ನೀರುಕಾಗೆ, ಹೆಜ್ಜಾರ್ಲೆಗಳಂಥ ಕೆಲವೇ ಹಕ್ಕಿಗಳು.

ಈಗಿನ ‘ಕೆರೆ ಅಭಿವೃದ್ಧಿ’ಯ ನಕ್ಷೆಯನ್ನು ಬಿಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕೆರೆಯ ಸುತ್ತಲೂ ಎಳೆದ ಒಂದು ದುಂಡನೆಯ ಗೆರೆ. ಅದೇ ನಡಿಗೆ ಪಥ. ಅದನ್ನು ಮಾಡಲು ಅಂಗಳದ ಮಣ್ಣನ್ನು ಬಗೆದು ಅಂಚಿಗೆ ಪೇರಿಸಿ ನಾಲ್ಕೂ ಕಡೆ ಏರಿ ಕಟ್ಟುತ್ತಾರೆ. ಹೀಗೆ ಕೆರೆಯೊಂದು ಬಾಣಲೆಯಾಗುತ್ತದೆ. ನೀರು ಕಡಿದಾದ ದಂಡೆಗೆ ತಾಗಿ ನಿಲ್ಲುತ್ತದೆ, ಗೇಣುದ್ದದ ಕೆಸರು ಎಲ್ಲಿಯೂ ಉಳಿಯುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಮೇಲಿನ ಹೊಲಗಳಿಂದ ಹರಿದುಬರುತ್ತಿದ್ದ ನೀರು ಆ ಹೊಸ ಏರಿಗೆ ಬಡಿದು ಹೊರಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಬಡಾವಣೆಗೆ ನೀರು ನುಗ್ಗಿತೆಂಬ ಕೂಗು, ಬೇಸಿಗೆಯಲ್ಲಿ ಕೆರೆ ಬತ್ತಿತೆಂಬ ಕೂಗು, ಎರಡೂ ಅದೇ ಊರಿನಿಂದ ಏಳುತ್ತವೆ. ನೀರುಗಂಟಿಯನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದ. ಆದರೆ ನಕ್ಷೆ ತಯಾರಾದದ್ದು ನೀರುಗಂಟಿಯನ್ನು ಕಂಡರಿಯದ ಮೇಜಿನ ಮೇಲೆ.

ಬೆಂಗಳೂರನ್ನು ಬೈಯುವುದು ಸುಲಭ. ಅಲ್ಲಿಂದ ಕಲಿಯುವುದೂ ಸಾಕಷ್ಟಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದು ಕಾಲಕ್ಕೆ ಕಸ ಮತ್ತು ಕೊಳಚೆಯ ಗುಂಡಿಯಾಗಿತ್ತು. ಸುತ್ತಲಿನ ನಿವಾಸಿಗಳು, ಪರಿಸರ ವಿಜ್ಞಾನಿಗಳು ನಗರಪಾಲಿಕೆಯ ಎಂಜಿನಿಯರುಗಳ ಜೊತೆ ಕುಳಿತು 2009ರಿಂದ 2011ರವರೆಗೆ ಅದನ್ನು ಮತ್ತೆ ಕೆರೆಯಾಗಿಸಿದರು. ಜೊಂಡು ಬೆಳೆಯುವ ಅಂಚನ್ನು ಉಳಿಸಿಕೊಂಡರು. ಹಿಂದಿನಿಂದ ಅಲ್ಲಿ ಹುಲ್ಲು ಕೊಯ್ಯುತ್ತಿದ್ದವರನ್ನು ಹೊರಗಟ್ಟಲಿಲ್ಲ. ಆದರೂ 2018ರಲ್ಲಿ ಅದೇ ಕೆರೆಯಲ್ಲಿ ಮೀನುಗಳು ಸತ್ತು ತೇಲಿದವು, ಏಕೆಂದರೆ ಕೊಳಚೆ ನೀರು ಒಳಗೆ ನುಗ್ಗುವುದು ನಿಂತಿರಲಿಲ್ಲ. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಪಾಚಿಗೆ, ಅಂತರಗಂಗೆಗೆ ಗೊಬ್ಬರವಾಗುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ರಾತ್ರಿಯೆಲ್ಲ ಹೀಗೆ ಕರಗಿದ ಆಮ್ಲಜನಕ ಬೆಳಗಿನ ಜಾವಕ್ಕೆ ತೀರಾ ಕೆಳಗಿಳಿಯುವುದರಿಂದಲೇ ಸತ್ತ ಮೀನುಗಳನ್ನು ಮೊದಲು ಕಾಣುವವರು ನಡಿಗೆಗೆ ಬಂದವರು. ಕೆರೆಯ ಒಡಲು ಎಷ್ಟೇ ಚೆಂದವಾಗಿದ್ದರೂ ಅದರ ಬಾಯಿ ಎಲ್ಲಿದೆ ಎಂಬುದು ಮುಖ್ಯ.

ಆ ಬಾಯಿಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಜಕ್ಕೂರು ಕೆರೆಯನ್ನು ನೋಡಿ ಬರಬಹುದು. ವಿದ್ಯಾರ್ಥಿ ಓದುಗರು ಬೆಂಗಳೂರಿಗೆ ಹೋದಾಗ ಒಂದು ಬೆಳಗನ್ನು ಅದಕ್ಕೆ ಮೀಸಲಿಡಲಿ. ಅಲ್ಲಿ ದಿನಕ್ಕೆ 10 ದಶಲಕ್ಷ ಲೀಟರ್ ಕೊಳಚೆ ನೀರನ್ನು ಶುದ್ಧೀಕರಿಸಲೆಂದು ಕಟ್ಟಿದ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು, ಆಪು ಬೆಳೆದ ಒಂದು ಜೌಗಿನೊಳಗೆ ನಿಧಾನವಾಗಿ ಹಾಯುತ್ತದೆ. ಯಂತ್ರ ಬಿಟ್ಟ ಸಾರವನ್ನು ಆ ಗಿಡಗಳ ಬೇರುಗಳು ಹೀರಿಕೊಳ್ಳುತ್ತವೆ. ಅನಂತರ ಸುಮಾರು 160 ಎಕರೆಯ ಕೆರೆಗೆ ಇಳಿಯುತ್ತದೆ. ಮೀನುಗಾರರು ಬಲೆ ಬೀಸುತ್ತಾರೆ, ಹೆಜ್ಜಾರ್ಲೆಗಳು ಅವರ ಪಕ್ಕದಲ್ಲೇ ತಮ್ಮ ಪಾಲು ಎತ್ತಿಕೊಳ್ಳುತ್ತವೆ. ನಮ್ಮ ಊರಿನ ಕಡೆ ಈ ಕೆಲಸವನ್ನು ಕೆರೆಯ ಮೇಲಿನ ಜವುಳು ಗದ್ದೆಗಳು ಹಿಂದೆ ಸದ್ದಿಲ್ಲದೆ ಮಾಡುತ್ತಿದ್ದವು. ಆ ಗದ್ದೆಗಳು ಈಗ ನಿವೇಶನಗಳು.

ಅದೇ ಬೆಂಗಳೂರು ಇನ್ನೊಂದು ಪಾಠವನ್ನೂ ಕಲಿಸಿತು. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಮುಂದಾಯಿತು. ನಾಗವಾರದಲ್ಲಿ ದೋಣಿ, ಕೃತಕ ಅಲೆಯ ಕೊಳ, ತಿನಿಸಿನ ಅಂಗಡಿ, ಪ್ರವೇಶ ಶುಲ್ಕ ಎಲ್ಲವೂ ಬಂದವು. ಕೆರೆಯೆಂಬುದು ಸಾರ್ವಜನಿಕ ಸ್ವತ್ತು, ಅದನ್ನು ಮಾರುವಂತೆಯೂ ಇಲ್ಲ, ಭೋಗ್ಯಕ್ಕೆ ಹಾಕುವಂತೆಯೂ ಇಲ್ಲ ಎಂದು ಪರಿಸರಾಸಕ್ತರು 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಈ ಸಂದರ್ಭದಲ್ಲಿ ಚನ್ನರಾಯಪಟ್ಟಣದವರಿಗೆ ಒಂದು ಮಾತನ್ನು ನೆನಪಿಸಬೇಕೆನಿಸುತ್ತದೆ. ಅವರ ಊರ ಕೆರೆಯ ಹೆಸರು ಅಮಾನಿಕೆರೆ. ಹಳೆಯ ಕಂದಾಯದ ಮಾತಿನಲ್ಲಿ ಅಮಾನಿ ಎಂದರೆ ಗುತ್ತಿಗೆದಾರನ ಕೈಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವಂಥದ್ದು. ಉದ್ಯಾನ, ದೋಣಿ, ತೆಪ್ಪೋತ್ಸವಗಳ ಸಂಭ್ರಮದಲ್ಲಿ ಆ ಹೆಸರಿನೊಳಗಿನ ಕರಾರನ್ನು ಊರು ಮರೆಯದಿರಲಿ. ಅಲ್ಲಿಂದ ಕೂಗಳತೆಯಲ್ಲಿರುವ ಶ್ರವಣಬೆಳಗೊಳಕ್ಕೆ ಹೆಸರು ಬಂದದ್ದೇ ಒಂದು ಬಿಳಿಯ ಕೊಳದಿಂದ. ಬೆಟ್ಟದ ಮೇಲಿನ ಮಹಾಮೂರ್ತಿಯನ್ನು ನೋಡಲು ಲೋಕವೇ ಬರುತ್ತದೆ, ಊರಿಗೆ ಹೆಸರು ಕೊಟ್ಟ ನೀರನ್ನು ನೋಡುವವರು ಕಡಿಮೆ.

ಮೈಸೂರಿನ ಕಾರಂಜಿ ಕೆರೆ ಈ ಎರಡು ತುದಿಗಳ ನಡುವಿನದು. 1976ರಲ್ಲಿ ಮೃಗಾಲಯದ ವಶಕ್ಕೆ ಬಂದ ಸುಮಾರು 90 ಹೆಕ್ಟೇರಿನ ಈ ಪ್ರದೇಶ ಕೊಳಚೆ ನೀರು ಸೇರಿ ಹಾಳಾಗಿ, ಅನಂತರ ಪುನರುಜ್ಜೀವನಗೊಂಡಿತು. ಟಿಕೆಟ್ ಇದೆ, ದೋಣಿ ಇದೆ, ಒಳಗೆ ನಡೆದಾಡುತ್ತಾ ನೋಡುವ ದೊಡ್ಡ ಪಕ್ಷಿಪಂಜರವಿದೆ. ನಮ್ಮಂಥವರಿಗೆ ಪಂಜರದ ಹಕ್ಕಿಯ ಮೇಲೆ ಅಷ್ಟೇನೂ ಒಲವಿಲ್ಲ. ಆದರೆ ಪಂಜರದ ಹೊರಗೆ, ಕೆರೆಯ ನಡುಗಡ್ಡೆಗಳ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ತಾವಾಗಿಯೇ ಬಂದು ಮರಿ ಮಾಡುತ್ತವೆ. ನಾಯಿ, ಬೆಕ್ಕು, ಮನುಷ್ಯ ಮೂವರೂ ತಲಪಲಾರದ ಒಂದಿಷ್ಟು ಜಾಗವನ್ನು ಬಿಟ್ಟುಕೊಟ್ಟರೆ ನಗರದ ನಡುವೆಯೂ ಹಕ್ಕಿ ಸಂಸಾರ ಹೂಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಲಂಡನ್ನಿನ ಬಾರ್ನ್ಸ್ ಎಂಬಲ್ಲಿ ಬಳಕೆ ತಪ್ಪಿದ ನಾಲ್ಕು ಹಳೆಯ ಜಲಾಶಯಗಳನ್ನು ಒಡೆದು ಸುಮಾರು 42 ಹೆಕ್ಟೇರಿನ ಜೌಗುಭೂಮಿಯನ್ನಾಗಿ ರೂಪಿಸಿ 2000ದಲ್ಲಿ ಜನರಿಗೆ ತೆರೆದವರೂ ಇದೇ ತತ್ತ್ವವನ್ನು ಅನುಸರಿಸಿದರು. ಜನ ಓಡಾಡುವ ಕಡೆ ಜನ. ಹಕ್ಕಿ ಇರುವ ಕಡೆ ಮರೆಗೂಡಿನ ಕಿಂಡಿಯಿಂದ ನೋಡುವ ಕಣ್ಣು ಮಾತ್ರ. ಮಹಾನಗರವೊಂದರ ಮಧ್ಯೆ ಅದು ಸಾಧ್ಯವಾದರೆ ಹಾಸನದ ಅಂಚಿನಲ್ಲಿ ಅಸಾಧ್ಯವೇಕೆ? ಗೆಂಡೆಕಟ್ಟೆಯ ವನಧಾಮಕ್ಕೆ ಜಿಂಕೆ ತೋರಿಸಲು ಮಕ್ಕಳನ್ನು ಕರೆದೊಯ್ದ ತಂದೆತಾಯಂದಿರು ಹಾಸನದಲ್ಲಿ ಬಹಳ ಮಂದಿ. ಬೇಲಿಯ ಒಳಗಿನ ಜಿಂಕೆಯನ್ನು ತೋರಿಸಿದಷ್ಟೇ ಉತ್ಸಾಹದಿಂದ ಬೇಲಿಯಿಲ್ಲದ ಕೆರೆಯ ದೇವನಹಕ್ಕಿಯನ್ನೂ ತೋರಿಸುವ ಕಾಲ ಬರಬೇಕು.

ಬೇಲಿಯ ಮಾತು ಬಂದದ್ದರಿಂದ ಒಂದು ಚಿಕ್ಕ ಪ್ರಸಂಗ. ನಮ್ಮ ಬಳಗದ ಇಬ್ಬರು ಈ ಭಾಗದ ಒಂದು ಪಟ್ಟಣದ ಕೆರೆಗೆ (ಹೆಸರು ಬೇಡ, ಆ ಅಜ್ಜಿಗೆ ತೊಂದರೆಯಾಗಬಾರದು) ಮುಂಜಾನೆ ಹಕ್ಕಿ ನೋಡಲು ಹೋಗಿದ್ದರು. ಕೆರೆಗೆ ಹೊಸದಾಗಿ ತಂತಿಬೇಲಿ, ಗೇಟು, ನೆಲಹಾಸು. ಬೇಲಿಯ ಸಂದಿಯಿಂದ ಹುಲ್ಲಿನ ಹೊರೆಯನ್ನು ಹೊರಗೆ ತಳ್ಳುತ್ತಿದ್ದ ವೃದ್ಧೆಯೊಬ್ಬರು ಕಂಡರು. “ಅಜ್ಜಿ, ಇಲ್ಲಿ ಹುಲ್ಲು ಕುಯ್ಯಕ್ಕೆ ಬಿಡ್ತಾರಾ?” ಎಂದು ಹುಡುಗ ಕೇಳಿದ. “ಎಲ್ಲಿ ಬಿಟ್ಟಾರಪ್ಪ. ವಾಕಿಂಗ್‌ನೋರು ಬರಾದ್ರೊಳಗೆ ಒಂದು ಹೊರೆ ಕುಯ್ಕಂಡು ಹೋಯ್ತೀನಿ. ಗೇಟಿನೋನು ಕಂಡ್ರೆ ಬೈತಾನೆ. ಈ ಕೆರೆ ಹೂಳು ತೆಗೆದಾಗ ನಮ್ ಮಾವ್ನೋರು ಎತ್ತಿನ ಗಾಡೀಲಿ ಮಣ್ಣು ಹೊಡ್ದಿದ್ರು ಕಣ್ ಮಗಾ” ಎಂದರು. ಹೊರೆ ತಲೆಗೇರಿಸಿಕೊಂಡು ಹೊರಟೇಬಿಟ್ಟರು; ಹುಡುಗನ ಕೈಯಲ್ಲಿದ್ದ ದುರ್ಬೀನನ್ನು ತಿರುಗಿಯೂ ನೋಡಲಿಲ್ಲ.

ಆ ಅಜ್ಜಿಯನ್ನು ಕೆರೆಯ ಶತ್ರುವೆಂದು ಎಣಿಸುವ ಸಂರಕ್ಷಣೆಯ ಬಗ್ಗೆ ನಮಗೆ ನಂಬಿಕೆಯಿಲ್ಲ. ಇದು ಬರಿಯ ಕರುಣೆಯ ಮಾತಲ್ಲ. ರಾಜಸ್ಥಾನದ ಭರತಪುರದಲ್ಲಿ, ಜಗತ್ಪ್ರಸಿದ್ಧವಾದ ಕೇವಲಾದೇವ ಪಕ್ಷಿಧಾಮದಲ್ಲಿ, 1982ರಲ್ಲಿ ಎಮ್ಮೆಗಳ ಮೇವನ್ನು ನಿಷೇಧಿಸಲಾಯಿತು. ಹಳ್ಳಿಗರು ಪ್ರತಿಭಟಿಸಿದಾಗ ಗೋಲಿಬಾರಿನಲ್ಲಿ ಜೀವಗಳು ಹೋದವು. ಆಮೇಲೆ ನಡೆದದ್ದು ಯಾರೂ ಎಣಿಸಿರದ ಸಂಗತಿ. ಮೇಯುವವರಿಲ್ಲದೆ ಹುಲ್ಲು ಹುಲುಸಾಗಿ ಬೆಳೆದು ತೆರೆದ ನೀರನ್ನು ಮುಚ್ಚತೊಡಗಿತು, ಹಕ್ಕಿಗಳಿಗೇ ಎಡೆ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ, ಆ ಜೌಗಿಗೆ ಎಮ್ಮೆಗಳೂ ಬೇಕಾಗಿದ್ದವೆಂಬ ತೀರ್ಮಾನಕ್ಕೆ ಬಂದರು. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಕಥೆ ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರಿನ ಮನೆಗಳ ನಡುವಿನ ಹುಣಸೆ ಮರಗಳಲ್ಲಿ. 1994ರಲ್ಲಿ ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಬೇಲಿ ಇಲ್ಲದೆಯೂ ಹಕ್ಕಿ ಉಳಿಯಿತು, ಊರೂ ಉಳಿಯಿತು.

ಇದೇ ಬಗೆಯ ತಿಳಿವಳಿಕೆ ನಮ್ಮ ಅರಕಲಗೂಡು ತಾಲ್ಲೂಕಿನಲ್ಲೂ ಉಂಟು. ರಾಮನಾಥಪುರದ ವಹ್ನಿಪುಷ್ಕರಿಣಿಯ ಮಡುವಿನಲ್ಲಿ ಕಾವೇರಿಯ ಮೀನುಗಳಿಗೆ ಬಲೆ ಬೀಸುವುದಿಲ್ಲ. ಭಕ್ತರು ಎಸೆದ ಪುರಿಗೆ ಮೇಲೆದ್ದು ಬರುವ ಆ ಭಾರಿ ಮೀನುಗಳನ್ನು ದೇವರ ಮೀನೆಂದು ಕೈಮುಗಿಯುವವರಿಗೆ, ಅದು ಹೊಳೆಯ ಉಳಿದೆಡೆ ಬೇಟೆಗೂ ಸಿಡಿಮದ್ದಿಗೂ ತುತ್ತಾಗಿ ವಿರಳವಾದ ತಳಿಯ ಆಶ್ರಯ ಎಂಬುದು ತಿಳಿದಿರಲಿಕ್ಕಿಲ್ಲ. ತಿಳಿಯದಿದ್ದರೂ ಕೆಲಸ ನಡೆದಿದೆ. ಆದರೆ ಮೀನಿಗೆ ಬಲೆಯಿಂದ ರಕ್ಷಣೆ ಕೊಟ್ಟ ಭಕ್ತಿ ಪ್ಲಾಸ್ಟಿಕ್ಕಿನಿಂದ ಕೊಡಲಾರದು. ಪುರಿಯ ಜೊತೆ ಪೊಟ್ಟಣವೂ ನೀರಿಗೆ ಬೀಳುತ್ತಿದೆ. ಹೊಳೆನರಸೀಪುರಕ್ಕಂತೂ ಬೇರೆ ಕೆರೆಯೇ ಬೇಕಿಲ್ಲವೆಂಬಂತೆ ಊರ ಮಗ್ಗುಲಲ್ಲೇ ಹೇಮಾವತಿ ಇದ್ದಾಳೆ. ಹೆಸರಿನಲ್ಲೇ ಹೊಳೆಯನ್ನಿಟ್ಟುಕೊಂಡ ಆ ಪಟ್ಟಣ ತನ್ನ ಚರಂಡಿಗಳ ಮುಖ ಎತ್ತ ತಿರುಗಿದೆಯೆಂಬುದನ್ನು ಒಮ್ಮೆ ನಡೆದು ನೋಡಲಿ. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ ಮರಗಳ ಸಾಲನ್ನು ದಂಡೆಯುದ್ದಕ್ಕೂ ಮರಳಿ ಬೆಳೆಸುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕಾಂಕ್ರೀಟಿನ ಸೋಪಾನಕ್ಕೆ ಬರುವಷ್ಟು ಹಣ ಅದಕ್ಕೆ ಬರುವುದಿಲ್ಲವೆಂಬುದೇ ತೊಡಕು. ಸಸಿಗೆ ಕಮಿಷನ್ ಕಡಿಮೆ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಕೆರೆಗಳ ರಕ್ಷಣೆಗೆಂದು 2014ರಲ್ಲಿ ಬಂದ ಪ್ರಾಧಿಕಾರವನ್ನು 2018ರಲ್ಲಿ ರದ್ದುಪಡಿಸಿ ಅದರ ಹೊಣೆಯನ್ನು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸಲಾಯಿತು. ಆ ಕಾಯ್ದೆಯಂತೆ ಕೆರೆಯ ಸುತ್ತ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ. ಕೆರೆಯ ವಿಸ್ತೀರ್ಣ ಕಡಿಮೆಯಾದಂತೆ ಈ ಅಂತರವನ್ನೂ ಕಡಿಮೆ ಮಾಡುವ ತಿದ್ದುಪಡಿ ಮಸೂದೆಯೊಂದನ್ನು 2025ರ ಆಗಸ್ಟಿನಲ್ಲಿ ವಿಧಾನಸಭೆ ಅಂಗೀಕರಿಸಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆಂಬ ತರ್ಕ ಕೇಳಲು ಸರಿಯೆನಿಸಬಹುದು. ನಮ್ಮ ಕೆರೆಗಳು ಒಂದಕ್ಕೊಂದು ಪೋಣಿಸಿದ ಸರ. ಮೇಲಿನ ಸಣ್ಣ ಕಟ್ಟೆಯ ಕೋಡಿ ಬಿದ್ದರೆ ಕೆಳಗಿನ ದೊಡ್ಡ ಕೆರೆಗೆ ನೀರು. ಸಣ್ಣವನ್ನು ಮನೆಗಳ ಗೋಡೆಗಳ ನಡುವೆ ಅಮುಕಿದರೆ ದೊಡ್ಡದಕ್ಕೆ ಬಿಟ್ಟ 30 ಮೀಟರಿನ ಅಂಚಿನಲ್ಲಿ ಒಣಗಿದ ಅಂಗಳವನ್ನು ನೋಡುತ್ತಾ ನಡೆಯಬಹುದಷ್ಟೆ.

ಹೀಗಿರುವಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಾಗರಿಕರು ತಮ್ಮ ಊರ ಕೆರೆಯ ‘ಅಭಿವೃದ್ಧಿ’ಗೆ ಗುದ್ದಲಿ ಪೂಜೆ ನಡೆಯುವ ಮುನ್ನವೇ ನಕ್ಷೆಯನ್ನು ಕೇಳಿ ಪಡೆಯಬೇಕು. ಮಾಹಿತಿ ಹಕ್ಕು ಕಾಯ್ದೆ ಬಂದು 20 ವರ್ಷವಾಯಿತು, ಅರ್ಜಿ ಬರೆಯಲು ಹಿಂಜರಿಕೆ ಬೇಡ. ನಕ್ಷೆ ಕೈಗೆ ಬಂದ ಮೇಲೆ ನೋಡಬೇಕಾದದ್ದು ಕಾರಂಜಿ ಎಲ್ಲಿದೆ, ದೀಪದ ಕಂಬ ಎಲ್ಲಿದೆ ಎಂಬುದನ್ನಲ್ಲ. ಕೆರೆಯ ಗಡಿಯನ್ನು ಭೂಮಾಪಕರು ಅಳೆದು ಕಲ್ಲು ನೆಟ್ಟಿದ್ದಾರೆಯೇ, ನೀರು ಬರುವ ರಾಜಕಾಲುವೆ ಅದರಲ್ಲಿ ಕಾಣಿಸುತ್ತದೆಯೇ, ಚರಂಡಿಯ ನೀರು ಎಲ್ಲಿ ಬೇರೆಯಾಗುತ್ತದೆ, ನಡಿಗೆ ಪಥ ಏರಿಯ ಮೇಲಷ್ಟೇ ಇದೆಯೋ ಅಂಗಳವನ್ನೂ ಸುತ್ತುವರಿದಿದೆಯೋ ಎಂಬುದನ್ನು. ಏರಿಯ ಮೇಲೆ ನಡೆದು ಬಂದ ದಾರಿಯಲ್ಲೇ ಹಿಂದಿರುಗಿದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಅಂಗಳದ ಕಡೆಯನ್ನು ಹಕ್ಕಿಗೂ ದನಕ್ಕೂ ಬಿಡಬಹುದು. ದೋಣಿ ಬೇಕೇಬೇಕೆಂದರೆ ಏರಿಯ ಕಡೆಯ ಆಳದ ನೀರಿನಲ್ಲಿರಲಿ, ಯಂತ್ರವಿಲ್ಲದಿರಲಿ, ಚಳಿಗಾಲದ ವಲಸೆ ಹಕ್ಕಿಗಳಿರುವ ತಿಂಗಳುಗಳಲ್ಲಿ ದಡದಲ್ಲಿರಲಿ. ತೆಗೆದ ಹೂಳಿನಲ್ಲಿ ಒಂದು ನಡುಗಡ್ಡೆಯನ್ನೆತ್ತಿ ಕರಿಜಾಲಿಯ ಬೀಜ ಚೆಲ್ಲಲಿ, ಉಳಿದ ಮಣ್ಣು ಹಿಂದಿನಂತೆ ರೈತರ ಹೊಲ ಸೇರಲಿ. ರಾತ್ರಿಯಿಡೀ ಉರಿಯುವ ದೀಪಗಳು ಬೇಡ. ಹುಲ್ಲು ಕೊಯ್ಯುವವರಿಗೆ, ಮೀನುಗಾರರ ಸಂಘಕ್ಕೆ, ಮಡಿವಾಳರಿಗೆ ಗೇಟಿನವನ ಕೃಪೆಯಿಂದಲ್ಲ, ಬರೆದಿಟ್ಟ ಕರಾರಿನಿಂದ ಪ್ರವೇಶ ಸಿಗಲಿ. ಕೆರೆಯ ಉಸ್ತುವಾರಿ ಸಮಿತಿಯಲ್ಲಿ ಅವರಿಗೊಂದು ಕುರ್ಚಿ ಇರಲಿ. ಸಮಿತಿಯಲ್ಲಿ ನಿವೃತ್ತ ಅಧಿಕಾರಿಗಳೇ ತುಂಬಿಕೊಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಟ್ಟದ ಊರುಗಳಿಂದ ಓದಲೆಂದು ಈ ಪಟ್ಟಣಗಳಿಗೆ ಹೋಗಿ ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಇರುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಕೋರಿಕೆಯಿದೆ. ಏಷ್ಯಾ ಖಂಡದ ಉದ್ದಗಲಕ್ಕೂ 1987ರಿಂದ ಪ್ರತಿ ಜನವರಿಯಲ್ಲಿ ಆಸಕ್ತರು ತಮ್ಮ ತಮ್ಮ ಊರಿನ ನೀರಹಕ್ಕಿಗಳನ್ನು ಎಣಿಸುತ್ತಾ ಬಂದಿದ್ದಾರೆ. ಒಂದು ನೋಟ್‌ಬುಕ್, ಒಬ್ಬ ಜೊತೆಗಾರ, ಸಾಧ್ಯವಾದರೆ ಒಂದು ದುರ್ಬೀನು ಸಾಕು. ಬರುವ ಜನವರಿಯ ಎರಡನೆಯ ಮತ್ತು ಮೂರನೆಯ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ನೀವಿರುವ ಊರಿನ ಕೆರೆಯ ಏರಿಯ ಮೇಲೆ ಕುಳಿತು ಯಾವ ಹಕ್ಕಿ, ಎಷ್ಟು, ನೀರಿನ ಯಾವ ಭಾಗದಲ್ಲಿ ಎಂದು ಬರೆದುಕೊಳ್ಳಿ. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಕಾಲು ಬರೆದರೂ ಆಯಿತು. ಅದರ ಜೊತೆಗೇ ಕೆರೆಗೆ ನೀರು ಬರುವ ಬಾಯಿಗಳು ಎಷ್ಟು, ಎಷ್ಟರಲ್ಲಿ ಕೊಳಚೆ ಹರಿಯುತ್ತಿದೆ, ಬೆಳಗಿನ ಆ ಎರಡೂವರೆ ಗಂಟೆಯಲ್ಲಿ ಯಾರು ಯಾರು ಏನೇನು ಕೆಲಸಕ್ಕೆ ಕೆರೆಗೆ ಬಂದರು ಎಂಬುದನ್ನೂ ದಾಖಲಿಸಿ. ನಾಲ್ಕು ತಾಲ್ಲೂಕುಗಳಿಂದ ಬಂದ ವಿವರಗಳನ್ನು ಮಾರ್ಚ್ ಸಂಚಿಕೆಯಲ್ಲಿ ಅಚ್ಚು ಮಾಡಿ, ಅದರ ಪ್ರತಿಗಳನ್ನು ಆಯಾ ಪುರಸಭೆ, ಪಟ್ಟಣ ಪಂಚಾಯಿತಿ, ಪಾಲಿಕೆಗಳಿಗೆ ಕೈಯಾರೆ ತಲಪಿಸಿ ಸ್ವೀಕೃತಿ ಪಡೆಯುತ್ತೇವೆ. ನಿಮ್ಮ ಹಾಳೆಗಳು ಫೆಬ್ರವರಿ 10ರೊಳಗೆ ನಮ್ಮ ಕೈ ಸೇರಲಿ.